ವಿಸಿ ನಾಲೆ ಏರಿ ಮೇಲೆ ಒಬ್ಬರೇ ಬೈಕ್‌ನಲ್ಲಿ ಹೋಗುವುದಾದರೆ

ಕೆಆರ್‌ಎಸ್‌ನಿಂದ ಮಂಡ್ಯದ ಗದ್ದೆಗಳಿಗೆ ನೀರು ಹೋಗುವ ವಿಶ್ವೇಶ್ವರಯ್ಯ ನಾಲೆಯ ಏರಿ ನೋಡಲು ಚೆಂದ, ಆದರೆ ಎಷ್ಟೋ ಕಡೆ ತಡೆಗೋಡೆ ಇಲ್ಲ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸೊಂದು ಇದೇ ನಾಲೆಗೆ ಬಿದ್ದು 30 ಜನ ಸತ್ತರು. ಹಾಗಾಗಿ 30-40ರ ವೇಗ ಸಾಕು.

ಬೆಳಿಗ್ಗೆ ಬೆಳಕು ಹರಿದ ಮೇಲೆ ಹೊರಡಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಹೇಳಿ, ಒಬ್ಬರೇ ಅಲ್ವಾ.

ಜಲ್ಲಿ, ಸಡಿಲ ಮಣ್ಣು ಬಂದಾಗ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿಯಬೇಡಿ, ಮೊದಲೇ ಗೇರ್ ಇಳಿಸಿ ನಿಧಾನ ಮಾಡಿ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದರೆ ನುಗ್ಗುವ ಹಟ ಬೇಡ, ಅಗಲ ಇರುವ ಕಡೆ ಗದ್ದೆ ಬದಿಗೆ ನಿಲ್ಲಿಸಿ, ಯಾಕೆಂದರೆ ಹೊರಗೆ ಚಾಚಿದ ಕಬ್ಬಿನ ಜಲ್ಲೆ ಹೆಲ್ಮೆಟ್‌ಗೇ ಹೊಡೆಯುತ್ತದೆ (ನನಗೆ ಹೊಡೆದಿದೆ). ಸುಗ್ಗಿಯಲ್ಲಿ ಒಕ್ಕಣೆಗೆ ರಸ್ತೆ ಮೇಲೆ ಹುರುಳಿ ಹರಡಿರುತ್ತಾರೆ. ಅದರ ಮೇಲೆ ಟೈರ್ ಜಾರುತ್ತದೆ, ಬಳ್ಳಿ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ; ಇಳಿದು ತಳ್ಳಿಕೊಂಡು ಹೋದರೂ ಅವಮಾನವೇನಿಲ್ಲ.

ಬಿಸಿಲಾಯಿತು ಅಂತ ನಾಲೆಗೆ ಮಾತ್ರ ಇಳಿಯಬೇಡಿ. ಮೇಲೆ ನೀರು ಸುಮ್ನೆ ಹರಿಯುವಂತೆ ಕಂಡರೂ ಒಳಗೆ ಸೆಳೆತ ಜಾಸ್ತಿ, ಇಳಿಜಾರಿನ ಪಾಚಿ ಮೇಲೆ ಕಾಲು ನಿಲ್ಲುವುದಿಲ್ಲ. ಸಂಜೆ ವಾಪಸ್ ಬರುವಾಗ ವೈಸರ್ ಮುಚ್ಚಿರಲಿ, ಕಣ್ಣಿಗೆ ಹುಳ ಬೀಳುತ್ತವೆ.