ಪದ್ಮಿನಿಯ ಬೀಡಿಂಗ್ ಬಿಚ್ಚಿದ ಅಡಿಕೆ ದಬ್ಬೆ

“ಅದೆಲ್ಲ ತೆಗೆಯುದು ಬೇಡ ಅಣ್ಣಾ. ಮಾಸ್ಕಿಂಗ್ ಮಾಡಿದ್ರೆ ಆಯ್ತು. ಒಮ್ಮೆ ತೆಗೆದ್ರೆ ಮತ್ತೆ ಸರಿ ಕೂರುದಿಲ್ಲ.”

ಹಳೇ ಕಾರಿಗೆ ಪೇಂಟ್ ಹೊಡೆಸುವ ಮೊದಲು ಬೀಡಿಂಗ್, ಅಂದರೆ ಮೈಮೇಲಿನ ಹೊಳೆಯುವ ಸ್ಟೀಲ್ ಪಟ್ಟಿ, ಬಿಚ್ಚಬೇಕಾ ಅಂತ ಉಡುಪಿಯಲ್ಲಿ ಮೂವರು ಪೇಂಟರ್‌ಗಳ ಹತ್ತಿರ ಕೇಳಿದೆ. ಮೂವರದ್ದೂ ಇದೇ ಮಾತು. ಮಾಸ್ಕಿಂಗ್ ಅಂದರೆ ಪಟ್ಟಿ ಬಿಚ್ಚದೆ ಅದರ ಮೇಲೆ ಟೇಪ್ ಅಂಟಿಸಿ ಬಣ್ಣ ಹೊಡೆಯುವುದು. ಕೊನೆಗೆ ನಾನು ಬಿಚ್ಚಿಯೇ ಮಾಡಿದೆ, ಈಗ ಎರಡು ಮಳೆಗಾಲ ಕಳೆದಿದೆ. ಬೀಡಿಂಗೂ ಕೂತಿದೆ, ಬಣ್ಣವೂ ಕೂತಿದೆ. ಹಾಗಾಗಿ ಬರೆಯಲು ಧೈರ್ಯ ಬಂತು.

ಗಾಡಿ 1987ರ ಪ್ರೀಮಿಯರ್ ಪದ್ಮಿನಿ, ಅಪ್ಪ ತೆಗೆದದ್ದು. ನಮ್ಮ ಮನೆ ಕಾಪುವಿನಲ್ಲಿ, ಕಡಲಿಗೆ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಉಪ್ಪುಗಾಳಿ ಏನು ಮಾಡುತ್ತದೆ ಅಂತ ನಮ್ಮ ಕಡೆಯವರಿಗೆ ಬೇರೆ ಹೇಳಬೇಕಾ? ಏಳೆಂಟು ವರ್ಷದ ಹಿಂದೆ ಮಾಸ್ಕಿಂಗ್ ಮಾಡಿಸಿಯೇ ಪೇಂಟ್ ಹೊಡೆಸಿದ್ದೆ. ಸುಮಾರು 32 ಸಾವಿರ ಆಯಿತು. ಮನೆಗೆ ತಂದ ದಿನ ಮದುಮಗಳ ಹಾಗೆ ಇತ್ತು. ಎರಡನೇ ವರ್ಷದ ಆಟಿ (ಜುಲೈ-ಆಗಸ್ಟ್‌ನ ತುಳು ತಿಂಗಳು) ಬರುವಾಗ ಬೀಡಿಂಗ್ ಅಂಚಿನಲ್ಲಿ ಗುಳ್ಳೆ. ಉಗುರು ಹಾಕಿದರೆ ಹಪ್ಪಳದ ಹಾಗೆ ಎದ್ದು ಬಂತು. ಅಡಿಯಲ್ಲಿ ಕೆಂಪು ತುಕ್ಕು. ಹೊಸ ಬಣ್ಣ ಟೇಪಿನ ಅಂಚಿಗೇ ನಿಂತಿತ್ತು. ಬೀಡಿಂಗ್ ಹಿಂದೆ ನಿಂತ ನೀರು ಅಲ್ಲಿಂದಲೇ ಒಳಗೆ ನುಗ್ಗಿತ್ತು.

ಮತ್ತೊಂದು ಗ್ಯಾರೇಜಿನವರು “ಎಲ್ಲ ಬಿಚ್ಚಿಯೇ ಮಾಡುವ” ಅಂದರು. ಹೆಸರು ಬೇಡ. ಅಲ್ಲಿಯ ಹುಡುಗ ಸ್ಕ್ರೂಡ್ರೈವರ್ ಹಾಕಿ ಒಂದು ತುದಿಯಿಂದ ಎಳೆದ. ಎಡಗಡೆ ಮುಂದಿನ ಬಾಗಿಲಿನ ಪಟ್ಟಿ ಬಾಳೆಹಣ್ಣಿನ ಹಾಗೆ ಬಗ್ಗಿತು. ಬಾಗಿಲಿಗೆ ಮೂರು ಕಡೆ ಗುಂಡಿ. ಸ್ಟೀಲ್ ಪಟ್ಟಿ ಒಮ್ಮೆ ಬಗ್ಗಿದರೆ ಮುಗಿಯಿತು, ಎಷ್ಟು ತಟ್ಟಿದರೂ ಬಿಸಿಲಿಗೆ ಆ ಮಡಿಕೆ ಕಾಣುತ್ತದೆ. ಕೊಟ್ಟ ಐದು ಸಾವಿರ ಅಡ್ವಾನ್ಸ್ ಅಲ್ಲಿಗೇ ಬಿಟ್ಟು ಗಾಡಿ ಮನೆಗೆ ತಂದೆ. ಬದಲಿ ಪಟ್ಟಿಯನ್ನು ಮುಂಬೈಯಲ್ಲಿರುವ ಚಿಕ್ಕಪ್ಪನ ಮಗ ಕುರ್ಲಾದ ಗುಜರಿಯಲ್ಲಿ ಹುಡುಕಿ, ಮತ್ಸ್ಯಗಂಧ ರೈಲಿನಲ್ಲಿ ಬರುವಾಗ ಸೀಟಿನಡಿ ಇಟ್ಟು ತಂದ. 2,200 ರೂಪಾಯಿ. ಅದರ ಮೇಲೆ ಅವನಿಗೆ ಒಂದು ಕೋಳಿ ಊಟ.

ಆಮೇಲೆ ಯಾರನ್ನೂ ನಂಬಲಿಲ್ಲ. ನಾನೇ ಕೂತೆ.

ಸ್ಕ್ರೂಡ್ರೈವರ್ ಪೂರ್ತಿ ಬಂದ್. ತೋಟದಲ್ಲಿ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರದ ಕಾಂಡ ಸೀಳಿದ ಪಟ್ಟಿ, ಇತ್ತು. ಅದನ್ನು ಒಂದು ಗೇಣು ಉದ್ದಕ್ಕೆ ಕಡಿದು, ತುದಿಯನ್ನು ಕತ್ತಿಯಲ್ಲಿ ಚಪ್ಪಟೆ ಕೆತ್ತಿ, ಗಾಜಿನ ಚೂರಿನಲ್ಲಿ ಹೆರೆದು ನಯ ಮಾಡಿದೆ. ಪ್ಲಾಸ್ಟಿಕ್ ಟೂಲೂ ತರಿಸಿದ್ದೆ, 400 ರೂಪಾಯಿಯ ಸೆಟ್. ಬೀಡಿಂಗನ್ನು ಬಾಗಿಲಿಗೆ ಹಿಡಿದಿಡುವ ಕ್ಲಿಪ್‌ಗಳಲ್ಲಿ ಮೂರನೆಯದಕ್ಕೇ ಬಗ್ಗಿ ಕೂತಿತು. ದಬ್ಬೆ ಬಗ್ಗುವುದಿಲ್ಲ, ಟೇಪ್ ಸುತ್ತಿದರೆ ಗೀರೂ ಬೀಳುವುದಿಲ್ಲ. ಭಾವ ನೋಡಿ ನಕ್ಕ. “ಕಾರು ರಿಪೇರಿಯಾ, ಚಪ್ಪರ ಹಾಕುದಾ?”

ಮೊದಲು ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ತೆಗೆದು ಒಳಗಿನಿಂದ ಟಾರ್ಚ್ ಹಾಕಿ. ಕ್ಲಿಪ್ಪಿನ ಬಾಲ ಎಲ್ಲೆಲ್ಲಿ ಉಂಟು ಅಂತ ನೋಡಿ, ಹೊರಗೆ ಟೇಪಿನಲ್ಲಿ ಗುರುತು ಹಾಕಿ. ನನ್ನ ಗಾಡಿಯಲ್ಲಿ ಪಟ್ಟಿಯ ತುದಿಗೆ ನಟ್ ಸಹ ಇತ್ತು. ಅದನ್ನು ಬಿಡಿಸದೆ ಎಳೆದದ್ದೇ ಆ ಹುಡುಗನ ತಪ್ಪು. ತುಕ್ಕು ಹಿಡಿದ ನಟ್‌ಗೆ ಎರಡು ದಿನ ಮೊದಲೇ ಎಣ್ಣೆ ಬಿಡಬೇಕು. ಯಾವ ಎಣ್ಣೆಗೆ ಏನು ಬೆರೆಸಿದೆ ಅಂತ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ.

ಪ್ರತಿ ಕ್ಲಿಪ್ಪಿನ ಎರಡೂ ಬದಿಗೆ ಒಂದೊಂದು ದಬ್ಬೆ. ಒಮ್ಮೆಗೆ ಅಕ್ಕಿಕಾಳಿನಷ್ಟು ಮಾತ್ರ ಎತ್ತಬೇಕು. ಮುಂದಿನ ಕ್ಲಿಪ್ಪಿಗೆ ಹೋಗಿ, ಸಾಲು ಮುಗಿಸಿ, ಮತ್ತೆ ಮೊದಲಿನಿಂದ. ನಾಲ್ಕನೇ ಸುತ್ತಿಗೆ ಪಟ್ಟಿ ‘ಟಕ್’ ಅಂತ ತಾನಾಗಿಯೇ ಕೈಗೆ ಬರುತ್ತದೆ. ಎಡಗಡೆ ಎಂಟೋ ಒಂಬತ್ತೋ ಕ್ಲಿಪ್ ಮುರಿದೆ. ಬಲಗಡೆ ಎರಡೇ. ಆಗ ಕೈ ಕೂತಿತ್ತು.

ಬೂಟಿನ, ಅಂದರೆ ಹಿಂದಿನ ಡಿಕ್ಕಿಯ, ಬ್ಯಾಡ್ಜ್ ಬೇರೆ ತಲೆನೋವು. ಹಿಂದೆ ಕೆಲಸ ಮಾಡಿದವರು ಪಿನ್ ಮುರಿದು ಅಂಟು ಹಾಕಿ ಕೂರಿಸಿದ್ದರು. ಗಾಡಿಯನ್ನು ಮಧ್ಯಾಹ್ನದವರೆಗೆ ಬಿಸಿಲಿಗಿಟ್ಟು, ಮಲ್ಪೆಯಿಂದ ತಂದ ತಂಗೂಸಿಯನ್ನು (ಮೀನು ಹಿಡಿಯುವ ನೈಲಾನ್ ದಾರ) ಹಿಂದೆ ತೂರಿಸಿ ಗರಗಸದ ಹಾಗೆ ಎಳೆದೆ. ಹತ್ತು ನಿಮಿಷದಲ್ಲಿ ಬಂತು. ಬೆರಳಿಗೆ ಬಟ್ಟೆ ಸುತ್ತಿಕೊಳ್ಳಿ, ನನ್ನದು ಕುಯ್ದಿತ್ತು.

ಗ್ಲಾಸಿನ ರಬ್ಬರ್ ಉಳಿಸಲು ಹೋಗಬೇಡಿ. ಹಳೇ ರಬ್ಬರ್ ಹೇಗೂ ಕಲ್ಲಾಗಿರುತ್ತದೆ. ಹೊರಗಿನ ತುಟಿಯನ್ನು ಬ್ಲೇಡಿನಲ್ಲಿ ಕೊಯ್ದು ಗ್ಲಾಸ್ ಉಳಿಸಿಕೊಳ್ಳಿ.

ನಡುವೆ ಒಂದು ಮರುಳು ಮಾಡಿದೆ. ಹಿತ್ತಿಲಲ್ಲಿ ಬಿಂಬುಳಿ ಎಂಬ ಹುಳಿ ಕಾಯಿ ಉದುರಿ ಬಿದ್ದಿತ್ತು. ಬಟ್ಟೆಯ ತುಕ್ಕು ಕಲೆಗೆ ಅಮ್ಮ ಅದನ್ನೇ ತಿಕ್ಕುತ್ತಿದ್ದರು. ಅದರಲ್ಲಿ ಆಕ್ಸಾಲಿಕ್ ಆ್ಯಸಿಡ್ ಜಾಸ್ತಿ. ಜಜ್ಜಿ ರಸ ತೆಗೆದು ಸ್ಟೀಲ್ ಕ್ಲಿಪ್‌ಗಳನ್ನು ರಾತ್ರಿಯಿಡೀ ಹಾಕಿಟ್ಟೆ. ಬೆಳಿಗ್ಗೆ ತುಕ್ಕು ಹೋಗಿ ಕಪ್ಪಗಾಗಿತ್ತು, ಬಟ್ಟೆಯಲ್ಲಿ ಒರೆಸಿದರೆ ಚೊಕ್ಕ. ಆ ಖುಷಿಯಲ್ಲಿ ಬ್ಯಾಡ್ಜನ್ನೂ ಅದರಲ್ಲೇ ಮುಳುಗಿಸಿದೆ. ಎದ್ದು ನೋಡುವಾಗ ಹೊಳಪು ಹೋಗಿ ಸುಣ್ಣ ಹಚ್ಚಿದ ಹಾಗೆ ಆಗಿತ್ತು.

ಪತ್ತನಾಜೆಗೆ (ಮೇ ಕೊನೆಗೆ ಬರುವ ತುಳುನಾಡಿನ ಆಚರಣೆಯ ದಿನ) ಮೊದಲು ಪೇಂಟ್ ಮುಗಿಸಬೇಕು ಅಂತ ಇತ್ತು, ಮಳೆ ಶುರುವಾದರೆ ಬಣ್ಣ ಮಂಕಾಗುತ್ತದೆ. ಬಣ್ಣ ಬದಲಿಸಲಿಲ್ಲ, ಹಾಗಾಗಿ ಆರ್‌ಸಿಗೆ ಅಂತ ಆರ್‌ಟಿಒ ಓಡಾಟ ಇರಲಿಲ್ಲ. ಪೇಂಟಿಗೆ 48 ಸಾವಿರದ ಹತ್ತಿರ ಹೋಯಿತು. ಬಿಚ್ಚಿ ಹಾಕಲು ಬೇರೆ ಏಳು ಸಾವಿರ ಕೇಳಿದ್ದರು, ಅದು ಉಳಿಯಿತು. ಉಳಿದದ್ದರಲ್ಲಿ ಮೂರು ಸಾವಿರ ಹೊಸ ಕ್ಲಿಪ್ಪಿಗೂ ರಬ್ಬರಿಗೂ ಹೋಯಿತೆನ್ನಿ. ಕ್ಲಿಪ್ಪಿನ ತೂತುಗಳಿಗೆ ನಾನೇ ಕಿವಿಕಡ್ಡಿಯಲ್ಲಿ ಪ್ರೈಮರ್ ಹಚ್ಚಿದೆ. ಸ್ಪ್ರೇಗನ್ ಅಲ್ಲಿ ಸರಿಯಾಗಿ ಮುಟ್ಟುವುದಿಲ್ಲ.

ಹೋದ ತಿಂಗಳು ಪರೀಕ್ಷೆಗೆ ಅಂತ ಒಂದು ಪಟ್ಟಿ ಬಿಚ್ಚಿದೆ. ಅಡಿಯಲ್ಲಿ ಸ್ವಲ್ಪ ಮಣ್ಣು, ಒಂದು ಸತ್ತ ಇರುವೆ. ತುಕ್ಕು ಇಲ್ಲ. ಪೇಂಟರ್‌ಗೆ ಫೋಟೋ ಕಳಿಸಿದೆ. ಅವ ಉತ್ತರ ಬರೆಯಲಿಲ್ಲ, ಫೋನೇ ಮಾಡಿದ: “ಅಣ್ಣಾ, ಒಂದು ಅಂಬಾಸಿಡರ್ ಬಂದುಂಟು. ನಾಲ್ಕು ದಬ್ಬೆ ಕೊಡ್ತೀರಾ?” ಎರಡು ಕೊಟ್ಟೆ.

ಬೂಟಿಗೆ ಮಾತ್ರ ಇನ್ನೂ ಬ್ಯಾಡ್ಜ್ ಇಲ್ಲ. ಕುರ್ಲಾಕ್ಕೆ ಹೇಳಿ ಇಟ್ಟಿದ್ದೇನೆ.