ಹೊಂಡಕ್ಕಿಂತ ಮೊದಲು ಒಡ್ಡು

ಕೃಷಿ ಹೊಂಡ ನೋಡಲು ಬರುವವರನ್ನು ನಾನು ಮೊದಲು ಹೊಲದ ಮೇಲ್ತುದಿಗೆ ಕರೆದುಕೊಂಡು ಹೋಗುತ್ತೇನೆ. ಹೊಂಡ ಇರುವುದು ಕೆಳತುದಿಯಲ್ಲಿ. ನಡುವೆ ಇಳಿಜಾರಿಗೆ ಅಡ್ಡಲಾಗಿ ಹಾಕಿದ ಮಣ್ಣಿನ ಒಡ್ಡುಗಳನ್ನು ನೋಡದೆ ಹೊಂಡ ನೋಡಿ ಹೋದರೆ ಏನೂ ನೋಡಿದಂತಾಗುವುದಿಲ್ಲ.

ನಮ್ಮದು ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕು. ಎರೆ ಹೊಲ, ಅಂದರೆ ಕಪ್ಪು ಮಣ್ಣು, ಪೂರ್ತಿ ಮಳೆಯಾಶ್ರಿತ. ಗಂಗಾವತಿ, ಕಾರಟಗಿ ಕಡೆಯವರಿಗೆ ಕಾಲುವೆ ಇದೆ, ನಮಗೆ ಮೋಡವೇ ಗತಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ. ಒಂದು ಎಕರೆಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಅದು ಲಕ್ಷ ಲೀಟರ್ ನೀರು. ರಭಸದ ಮಳೆಯಲ್ಲಿ ಅದರಲ್ಲಿ ಒಂದು ಪಾಲು ಹಳ್ಳ ಸೇರುತ್ತದೆ, ಜೊತೆಗೆ ಮೇಲ್ಮಣ್ಣನ್ನೂ ಒಯ್ಯುತ್ತದೆ. ನನಗೆ ನೀರಿಗಿಂತ ಮಣ್ಣಿನ ಚಿಂತೆಯೇ ಹೆಚ್ಚು. ನೀರು ಮುಂದಿನ ವರ್ಷ ಮತ್ತೆ ಬಂದೀತು, ಹೋದ ಮಣ್ಣು ಬರುವುದಿಲ್ಲ.

2023ರ ಬೇಸಿಗೆಯಲ್ಲಿ ಉದ್ಯೋಗ ಖಾತರಿ ಯೋಜನೆಯಾದ ನರೇಗಾದಡಿ ಒಡ್ಡು ಹಾಕಿಸಿದೆವು. ಆಗ ಐದು ಎಕರೆಯೊಳಗಿನ ಸಣ್ಣ ಹಿಡುವಳಿದಾರರು ಉದ್ಯೋಗ ಚೀಟಿ ಇದ್ದರೆ ಸ್ವಂತ ಹೊಲದಲ್ಲೇ ಈ ಕೆಲಸ ಮಾಡಿಸಿಕೊಳ್ಳಬಹುದಿತ್ತು, ಕೂಲಿಯನ್ನೂ ಪಡೆಯಬಹುದಿತ್ತು. ಆ ವರ್ಷ ದಿನಗೂಲಿ 316 ರೂಪಾಯಿ ಇತ್ತು. ಕಾಮಗಾರಿ ಗ್ರಾಮ ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಸೇರಿರಬೇಕಿತ್ತು. ಆದ್ದರಿಂದ ಗ್ರಾಮಸಭೆ ನಡೆಯುವಾಗಲೇ ಹೆಸರು ಬರೆಸಬೇಕಿತ್ತು. ಆಮೇಲೆ ನಮೂನೆ 6ರಲ್ಲಿ ಕೆಲಸ ಕೇಳಿ ಸ್ವೀಕೃತಿ ಚೀಟಿ ಇಸಿದುಕೊಳ್ಳಬೇಕಿತ್ತು. ಆ ಚೀಟಿ ಕೈಯಲ್ಲಿಲ್ಲದಿದ್ದರೆ ಕೆಲಸ ಕೇಳಿದ್ದಕ್ಕೆ ಪುರಾವೆಯೇ ಇರುತ್ತಿರಲಿಲ್ಲ.

ಎರೆ ನೆಲದಲ್ಲಿ ಒಡ್ಡನ್ನು ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ, ಹಾಕಿದಂತೆ ಹಾಕಬಾರದು. ಮಸಾರಿಯಲ್ಲಿ ಸಮಪಾತಳಿಗೆ ಒಡ್ಡು ಕಟ್ಟಿ ನೀರು ನಿಲ್ಲಿಸಿದರೆ ಬೇಗ ಇಂಗುತ್ತದೆ. ಎರೆಯಲ್ಲಿ ಇಂಗುವುದು ನಿಧಾನ. ನಿಂತ ನೀರು ಬೆಳೆಯ ಬೇರು ಕೊಳೆಸುತ್ತದೆ, ಒತ್ತಡ ಹೆಚ್ಚಿದರೆ ಒಡ್ಡನ್ನೇ ಒಡೆಯುತ್ತದೆ. ಹಾಗಾಗಿ ಒಡ್ಡಿನುದ್ದಕ್ಕೂ ಸಣ್ಣ ಇಳಿಜಾರು ಬೇಕು. ನಾವು ನೂರು ಮೀಟರಿಗೆ ಸುಮಾರು 20 ಸೆಂಟಿಮೀಟರ್ ಇಳಿಯುವಂತೆ ಗೂಟ ಹೊಡೆದೆವು. ಮಟ್ಟ ನೋಡಿದ್ದು ಗೌಂಡಿಗಳು ಬಳಸುವ ಪಾರದರ್ಶಕ ಪೈಪಿನಿಂದ: ಪೈಪಿಗೆ ನೀರು ತುಂಬಿ, ಎರಡೂ ತುದಿಯನ್ನು ಅಳತೆಯ ಕೋಲಿಗೆ ಕಟ್ಟಿ, ಒಬ್ಬರು ಈ ಗೂಟದಲ್ಲಿ, ಇನ್ನೊಬ್ಬರು ಆ ಗೂಟದಲ್ಲಿ ನಿಲ್ಲಬೇಕು. ಪೈಪಿನೊಳಗೆ ಗಾಳಿಗುಳ್ಳೆ ಉಳಿದರೆ ಲೆಕ್ಕವೆಲ್ಲ ತಪ್ಪುತ್ತದೆ.

ಒಡ್ಡಿಗೆ ಜೀವ ಅದರ ಕೋಡಿ, ಹೆಚ್ಚಾದ ನೀರು ಹೊರಹೋಗುವ ದಾರಿ. ಮೇಲಿನ ಹೊಲದ ಹಿರಿಯರು ನಮ್ಮ ಗೂಟಗಳನ್ನು ನೋಡಿ, “ತಮ್ಮಾ, ನಿನ್ನ ಒಡ್ಡಿನಿಂದ ನನ್ನ ಹೊಲದಲ್ಲಿ ನೀರು ನಿಂತರೆ ನನ್ನ ಕಡಲೆ ಕೊಳೆಯುತ್ತದಲ್ಲ?” ಎಂದು ಕೇಳಿದರು. ನ್ಯಾಯವಾದ ಮಾತು. “ಕಾಕಾ, ಕೋಡಿ ಎಲ್ಲಿರಬೇಕು ಎಂದು ನೀವೇ ಹೇಳಿ” ಎಂದೆ. ದೊಡ್ಡ ಮಳೆಗೆ ನೀರು ಯಾವ ದಾರಿ ಹಿಡಿಯುತ್ತದೆ ಎಂಬುದು ಅವರಿಗೆ ಯಾವ ನಕಾಶೆಗಿಂತಲೂ ಚೆನ್ನಾಗಿ ಗೊತ್ತಿತ್ತು. ಅವರು ತೋರಿಸಿದಲ್ಲೇ, ಒಡ್ಡಿನ ನೆತ್ತಿಗಿಂತ ಒಂದಡಿ ತಗ್ಗಿನಲ್ಲಿ ಕೋಡಿ ಇಟ್ಟೆವು. ತಳಕ್ಕೆ ಸಣ್ಣ ಕಲ್ಲು, ಮೇಲೆ ಚಪ್ಪಟೆ ಕಲ್ಲು. ನೀರು ಧುಮುಕುವ ಕೆಳಬದಿಗೂ ಕಲ್ಲು ಹಾಸಿದೆವು. ಕೆಳಬದಿ ಕೊರೆಯಲು ಶುರುವಾದರೆ ಕೋಡಿಯೇ ಕುಸಿಯುತ್ತದೆ. ಒಡ್ಡಿನ ಮೇಲೆ ತೊಗರಿ ಹಾಕಿದೆವು. ಹಿಂಗಾರಿಗೆ ಮಾತ್ರ ಬಿತ್ತುವ ತುಂಡಿನಲ್ಲಿ ಎತ್ತುಗಳಿಂದ ಚೌಕುಮಡಿ, ಅಂದರೆ ಮಳೆನೀರು ನಿಲ್ಲುವ ಸಣ್ಣ ಚೌಕಗಳನ್ನು ಮಾಡಿದೆವು.

ಆ ವರ್ಷ ಬರ ಬಿತ್ತು. ಆದರೆ ಸುರಿದ ಒಂದೆರಡು ಒಳ್ಳೆಯ ಮಳೆಯಲ್ಲಿ ಮೂರು ಕೋಡಿಗಳ ನೀರು ಯಾವ ಮೂಲೆಗೆ ಬಂದು ಸೇರುತ್ತದೆ ಎಂಬುದು ಕಣ್ಣಿಗೆ ಕಂಡಿತು. ಹೊಂಡದ ಜಾಗವನ್ನು ನೀರೇ ತೋರಿಸಿತು.

2014ರಲ್ಲಿ ಆರಂಭವಾಗಿ ನಡುವೆ ನಿಂತಿದ್ದ, ಹೊಂಡಕ್ಕೆ ನೆರವು ಕೊಡುವ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ 2023-24ರಲ್ಲಿ ಮತ್ತೆ ಬಂದಿತ್ತು. ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟರಿಗೆ ಶೇ 90 ಸಹಾಯಧನ. ಕನಿಷ್ಠ ಒಂದು ಎಕರೆ ಇರಬೇಕು, ರೈತರ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆಯಲ್ಲಿ ಪಹಣಿ ಜೋಡಣೆಯಾಗಿರಬೇಕು. ಅರ್ಜಿ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ. ಹಣ ಖಾತೆಗೆ ಬರುವುದು ಕೆಲಸವಾದ ಮೇಲೆ. ಆದ್ದರಿಂದ ಜೆಸಿಬಿ ಬಾಡಿಗೆಗೆ ಕೈಯಲ್ಲಿ ಕಾಸು ಇಟ್ಟುಕೊಂಡೇ ಇಳಿಯಬೇಕು. ಇದನ್ನು ಮುಂಚೆಯೇ ಯಾರೂ ಹೇಳುವುದಿಲ್ಲ.

ಅಳತೆಯ ವಿಚಾರದಲ್ಲಿ ಬಹಳ ಜನ ತಡವರಿಸುತ್ತಾರೆ. ಬದಿಗಳನ್ನು ಓರೆಯಾಗಿ ತೆಗೆಯುವುದರಿಂದ 12 ಮೀಟರ್ ಚೌಕದ, 3 ಮೀಟರ್ ಆಳದ ಹೊಂಡದಲ್ಲಿ ನಿಲ್ಲುವುದು ಸುಮಾರು ಎರಡೂವರೆ ಲಕ್ಷ ಲೀಟರ್. 21 ಮೀಟರಿನದಾದರೆ ಸುಮಾರು ಒಂಬತ್ತು ಲಕ್ಷದ ಎಂಬತ್ತು ಸಾವಿರ. ತುಂತುರು ನೀರಾವರಿಯಲ್ಲಿ ಒಂದು ಎಕರೆಗೆ 3 ಸೆಂಟಿಮೀಟರ್ ಕೊಡಲು ಲಕ್ಷದ ಇಪ್ಪತ್ತು ಸಾವಿರ ಲೀಟರ್ ಬೇಕು. ಹಾಗಾಗಿ 12ರ ಹೊಂಡವೆಂದರೆ ಎರಡು ಎಕರೆಗೆ ಒಂದು ಸಲ. ನಾವು ತೆಗೆಸಿದ್ದು ಅದೇ. 2024ರ ಹಿಂಗಾರಿನಲ್ಲಿ ಆ ಒಂದು ನೀರನ್ನು ಕಡಲೆ ಕಾಯಿ ಕಟ್ಟುವಾಗ ಕೊಟ್ಟೆವು. ಹೂವಿನ ಹೊತ್ತಿನಲ್ಲಿ ಕೊಡಲಿಲ್ಲ. ಆಗ ಮೇಲಿನಿಂದ ನೀರು ಬಿದ್ದರೆ ಹೂ ಉದುರುತ್ತದೆ, ಗಿಡದ ಮೇಲೆ ಒಸರುವ ಹುಳಿಯೂ ತೊಳೆದುಹೋಗುತ್ತದೆ. ನೀರು ಕಂಡ ತುಂಡಿನ ಕಾಳು ದಪ್ಪಗಿತ್ತು, ಕಾಣದ ತುಂಡಿನದು ಸುಕ್ಕಿತ್ತು. ರಾಶಿ ಮಾಡುವಾಗ ಎರಡನ್ನೂ ಬೇರೆಬೇರೆ ಇಟ್ಟು ಮನೆಯವರಿಗೆಲ್ಲ ತೋರಿಸಿದೆ.

ಹೊಂಡದ ಬಾಯಿಗೆ ನೀರು ಬರುವ ಮೊದಲು ಒಂದು ಹೂಳುಗುಂಡಿ ಇರಲೇಬೇಕು. ತುಂಗಭದ್ರಾ ಜಲಾಶಯದ 133 ಟಿಎಂಸಿ ಸಾಮರ್ಥ್ಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. ಅಷ್ಟು ದೊಡ್ಡ ಅಣೆಕಟ್ಟೆಯ ಗತಿಯೇ ಹಾಗಿರುವಾಗ ನಮ್ಮ ಹೊಂಡ ಯಾವ ಲೆಕ್ಕ? ಮೇಲೆ ಒಡ್ಡು ಇರುವುದರಿಂದ ನಮ್ಮ ಗುಂಡಿಗೆ ಬರುವ ಹೂಳು ಕಡಿಮೆ. ಬೇಸಿಗೆಯಲ್ಲಿ ಅದನ್ನು ತೆಗೆದು ಮೇಲ್ತುದಿಯಲ್ಲಿ ಮಣ್ಣು ತೆಳುವಾದ ಕಡೆ ಹರಡುತ್ತೇವೆ.

ಬೇಲಿಯ ವಿಷಯದಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳುವುದಿಲ್ಲ. ತುಂಬಿದ ಹೊಂಡದ ಬದಿ ಜಾರುತ್ತದೆ, ಬಿದ್ದ ಮಗುವಿಗೆ ಹಿಡಿಯಲು ಏನೂ ಸಿಗುವುದಿಲ್ಲ. ತಂತಿ ಬೇಲಿಗೂ ಯೋಜನೆಯಲ್ಲಿ ಸಹಾಯಧನವಿದೆ. ಅದು ಕೈಸೇರುವವರೆಗೆ ಕಾಯಬೇಡಿ. ಜೆಸಿಬಿ ಹೊಲ ಬಿಟ್ಟ ದಿನವೇ ಮುಳ್ಳುಬೇಲಿಯನ್ನಾದರೂ ಹಾಕಿ, ಗಾಳಿ ತುಂಬಿದ ಟ್ಯೂಬಿಗೆ ಹಗ್ಗ ಕಟ್ಟಿ ದಂಡೆಯಲ್ಲಿಡಿ.