ವಾರಕ್ಕೊಂದು ಎಂದರೆ ವಾರಕ್ಕೊಂದೇ: ವಿಟಮಿನ್ ಡಿ ಕೊರತೆ ನೀಗಿಸಿಕೊಳ್ಳುವುದು ಹೇಗೆ?

ವಾರಕ್ಕೊಂದರಂತೆ ಎಂಟು ವಾರಕ್ಕೆಂದು ಬರೆದುಕೊಟ್ಟ ವಿಟಮಿನ್ ಡಿ ಮಾತ್ರೆಗಳನ್ನು ನಮ್ಮ ದೊಡ್ಡಮ್ಮ ಎಂಟೇ ದಿನದಲ್ಲಿ ಮುಗಿಸಿದ್ದರು. ‘ಒಂದು ದಿನವೂ ತಪ್ಪಿಸಿಲ್ಲ ನೋಡು’ ಎಂದು ಖಾಲಿ ಶೀಟು ತೋರಿಸುವಾಗ ಮುಖದಲ್ಲಿ ಹೆಮ್ಮೆ ಬೇರೆ. ಡಾಕ್ಟರು ಕೂಡಲೇ ರಕ್ತದ ಕ್ಯಾಲ್ಸಿಯಂ ಪರೀಕ್ಷೆಗೆ ಕಳಿಸಿದರು. ಹೀಗೆ ಎಡವುವವರು ಅವರೊಬ್ಬರೇ ಅಲ್ಲ.

1. ಮೊದಲು ಪರೀಕ್ಷೆ. ಮೂಳೆನೋವು, ಮೆಟ್ಟಿಲು ಹತ್ತುವಾಗ ತೊಡೆಯಲ್ಲಿ ಶಕ್ತಿಯೇ ಇಲ್ಲದಂತಾಗುವುದು ಇದ್ದರೆ ಡಾಕ್ಟರನ್ನು ಕೇಳಿ ಮಾಡಿಸಿ. ಬೇಕಾದದ್ದು ‘25 ಹೈಡ್ರಾಕ್ಸಿ ವಿಟಮಿನ್ ಡಿ’ ಪರೀಕ್ಷೆ. ‘1,25’ ಎಂದಿರುವುದು ಬೇರೆ. ಕೊರತೆ ಇದ್ದರೂ ಅದು ಸರಿಯಾಗಿಯೇ ಕಾಣಿಸಬಹುದು. ವರದಿಯಲ್ಲಿ ಅಂಕಿಯ ಪಕ್ಕದ ಅಳತೆಯನ್ನೂ ನೋಡಿ: ಮಿಲಿಲೀಟರಿಗೆ 20 ನ್ಯಾನೋಗ್ರಾಂ ಎಂದರೂ ಲೀಟರಿಗೆ 50 ನ್ಯಾನೋಮೋಲ್ ಎಂದರೂ ಒಂದೇ.

2. ಬಿಸಿಲು. ಎಳೆಬಿಸಿಲೇ ಒಳ್ಳೆಯದು ಎಂಬ ನಂಬಿಕೆ ಬಿಡಿ. ಚರ್ಮದಲ್ಲಿ ವಿಟಮಿನ್ ಡಿ ಮಾಡಿಸುವ ಯುವಿ-ಬಿ ಕಿರಣ ಸೂರ್ಯ ಮೇಲೇರಿದಾಗಲೇ ಸಾಕಷ್ಟು ಸಿಗುವುದು. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಅದೇ ಹೊತ್ತು. ಕೈಕಾಲಿಗೆ ಬಿಸಿಲು ತಾಗಲಿ, ಚರ್ಮ ಕೆಂಪಾಗುವ ಮೊದಲೇ ಒಳಗೆ ಬನ್ನಿ. ಕಪ್ಪು ಚರ್ಮದವರಿಗೆ ಹೆಚ್ಚು ಹೊತ್ತು ಬೇಕು. ಮುಚ್ಚಿದ ಕಿಟಕಿಯ ಪಕ್ಕ ಕೂತರೆ ಬೆಚ್ಚಗಾಗುತ್ತದೆ, ಅಷ್ಟೇ. ಗಾಜು ಯುವಿ-ಬಿಯನ್ನು ತಡೆಯುತ್ತದೆ.

3. ಊಟ. ಕೊಬ್ಬಿನ ಮೀನು, ಮೊಟ್ಟೆಯ ಹಳದಿ, ವಿಟಮಿನ್ ಬೆರೆಸಿದ ಹಾಲು. ದೊಡ್ಡ ಕೊರತೆಗೆ ಇಷ್ಟೇ ಸಾಲದು.

4. ಮಾತ್ರೆ. ಎಲ್ಲರೂ ಮುಗ್ಗರಿಸುವುದು ಇಲ್ಲೇ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಸುಮಾರು 600 ಐ.ಯು. (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಏಕಮಾನ) ಸಾಕು, 70 ದಾಟಿದವರಿಗೆ 800. ವೈದ್ಯರ ಸಲಹೆಯಿಲ್ಲದೆ ದಿನಕ್ಕೆ 4,000 ಮೀರಬಾರದು. ಆದರೆ ಕೊರತೆಗೆ ವಾರಕ್ಕೊಂದರಂತೆ ಕೊಡುವ ಒಂದೊಂದು ಮಾತ್ರೆಯಲ್ಲೇ 50,000, 60,000 ಐ.ಯು. ಇರುತ್ತದೆ. ನೋಡಲು ದಿನದ ಮಾತ್ರೆಯಷ್ಟೇ ಪುಟ್ಟದು, ಗೊಂದಲವೂ ಅಲ್ಲೇ. ಹೆಚ್ಚಾದ ವಿಟಮಿನ್ ಸಿ ಮೂತ್ರದಲ್ಲಿ ಹೋಗುತ್ತದೆ. ಡಿ ಹಾಗಲ್ಲ, ಕೊಬ್ಬಿನಲ್ಲಿ ಕೂತುಬಿಡುತ್ತದೆ. ಮಿತಿ ಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಕರಿಕೆ, ವಿಪರೀತ ಬಾಯಾರಿಕೆ, ಮಲಬದ್ಧತೆ, ಮಂಕು ಶುರುವಾಗುತ್ತವೆ, ಕಿಡ್ನಿಗೂ ಪೆಟ್ಟು.

ಆದ್ದರಿಂದ ಮಾತ್ರೆ ಮನೆಗೆ ಬಂದ ದಿನವೇ ಶೀಟಿನ ಹಿಂಬದಿಯಲ್ಲಿ ಪೆನ್ನಿನಿಂದ ಒಂದೊಂದು ಮಾತ್ರೆಗೂ ತಾರೀಖು ಬರೆಯಿರಿ. ಭಾನುವಾರವೇ ಇಟ್ಟುಕೊಳ್ಳಿ, ನೆನಪಿರುತ್ತದೆ. ದಿನದ ಬಿಪಿ, ಶುಗರ್ ಮಾತ್ರೆಗಳ ಡಬ್ಬಿಯಲ್ಲಿ ಇದನ್ನು ಇಡಲೇಬೇಡಿ. ಒಂದು ವಾರ ಮರೆತಿರೆಂದು ಮುಂದಿನ ವಾರ ಎರಡು ನುಂಗಬೇಡಿ. ಖಾಲಿ ಹೊಟ್ಟೆಗಿಂತ ಜಿಡ್ಡಿರುವ ಊಟದ ಜೊತೆ ಚೆನ್ನಾಗಿ ಒಳಸೇರುತ್ತದೆ. ಮಧ್ಯಾಹ್ನದ ಊಟವೇ ನನ್ನ ಆಯ್ಕೆ. ಮನೆಯಲ್ಲಿರುವ ಮಲ್ಟಿವಿಟಮಿನ್, ಕ್ಯಾಲ್ಸಿಯಂ ಮಾತ್ರೆಗಳಲ್ಲೂ ಡಿ ಇರಬಹುದು, ಲೇಬಲ್ ಓದಿ ಕೂಡಿಸಿ. ಎಷ್ಟು ಐ.ಯು. ಎಂದು ನಮೂದಿಸದ ಬಣ್ಣಬಣ್ಣದ ಗಮ್ಮಿಗಳನ್ನು (ಜೆಲ್ಲಿ ಮಿಠಾಯಿಯಂಥ ವಿಟಮಿನ್) ಕೊಳ್ಳಲೇಬೇಡಿ. ಕಿಡ್ನಿ ಕಲ್ಲು, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

5. ಹೇಳಿದಷ್ಟು ವಾರ ಮುಗಿದ ಮೇಲೆ ನಿಲ್ಲಿಸಿ. ಹಳೇ ಚೀಟಿ ತೋರಿಸಿ ಇನ್ನೊಂದು ಶೀಟು ತರಬೇಡಿ. ಮತ್ತೆ ಪರೀಕ್ಷೆ ಬೇಕೆಂದರೆ ಚಿಕಿತ್ಸೆ ಶುರುವಾಗಿ ಮೂರು ತಿಂಗಳಾಗಲಿ. ಅದಕ್ಕೂ ಮೊದಲು ಮಾಡಿಸಿದರೆ ಅಂಕಿ ಇನ್ನೂ ಏರುತ್ತಲೇ ಇರುತ್ತದೆ.